ಹೆಡ್‌ಸೆಟ್ ಹಟ ಹಿಡಿದ ನಾಲ್ಕು ದಿನ

ಆಗ ನನಗೆ ಅರವತ್ತೊಂಬತ್ತು. ಇದೆಲ್ಲ ಆಗಿ ಈಗ ಮೂರು ವರ್ಷ. ವಯಸ್ಸು ಇಷ್ಟು ಸರಿಯಾಗಿ ಗೊತ್ತಾದದ್ದು ಆಧಾರ್ ಕಾರ್ಡ್ ಬಂದ ಮೇಲೆ; ಅದಕ್ಕೂ ಮೊದಲು ನನ್ನ ವಯಸ್ಸು ಯಾರಿಗೂ ಬೇಕಾಗಿರಲಿಲ್ಲ, ನನಗಂತೂ ಬೇಡವೇ ಬೇಡ.

ಗಂಗೊಳ್ಳಿಯಲ್ಲಿ ನಮ್ಮ ಮನೆ ಇರುವುದು ಐಸ್ ಪ್ಲಾಂಟಿನ ಹಿಂಬದಿಗೆ. ಅದರ ಮೆಷಿನ್ ಹಗಲಿಡೀ ಗುರ್ರ್ ಅನ್ನುತ್ತಿರುತ್ತದೆ. ನಮಗೆ ಆ ಸದ್ದು ಕೇಳುವುದೇ ಇಲ್ಲ. ಅದು ನಿಂತರೆ ಮಾತ್ರ ಏನೋ ಆಯಿತು ಅಂತ ಹೊರಗೆ ಬಂದು ನೋಡುತ್ತೇವೆ. ಮಗ ಬೋಟಿಗೆ ಹೋಗುವವನು, ಹೋದರೆ ಎಂಟು ಹತ್ತು ದಿನ ಬರುವುದಿಲ್ಲ. ಮನೆಯಲ್ಲಿ ಇರುವುದು ನಾನು ಮತ್ತು ಸೊಸೆ. ನಾನು ಬೆಳಿಗ್ಗೆ ಬಂದರಿನಲ್ಲಿ ಮೀನು ತೆಗೆದುಕೊಂಡು, ಬಸ್ಸು ಹತ್ತಿ ತ್ರಾಸಿ ಕಡೆ ಹೋಗಿ, ಮನೆ ಮನೆಗೆ ಮಾರಿ ಊಟದ ಹೊತ್ತಿಗೆ ವಾಪಸು ಬರುತ್ತೇನೆ.

ಸೊಸೆ ಉಪ್ಪುಂದದವಳು, ಡಿಗ್ರಿ ಓದಿದವಳು. ಒಂದು ಶಾಲೆಯಲ್ಲಿ ಅತಿಥಿ ಟೀಚರ್ ಆಗಿದ್ದಳು. ಮಕ್ಕಳು ಕಮ್ಮಿ ಆದರು, ಆ ವರ್ಷ ಇವಳನ್ನು ಕರೆಯಲಿಲ್ಲ. ಆಮೇಲೆ ಒಂದು ವರ್ಷ ಮನೆಯಲ್ಲೇ ಕುಳಿತಳು. ಅಳಲಿಲ್ಲ, ಜಗಳ ಆಡಲಿಲ್ಲ, ಪಾತ್ರೆಯನ್ನು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ತಿಕ್ಕುತ್ತಿದ್ದಳು.

ಮುಂಬೈಯ ಹೋಟೆಲಿನಲ್ಲಿ ಅವಳ ತಮ್ಮ ಇದ್ದಾನೆ. ಅವನಿರುವ ಬಿಲ್ಡಿಂಗಿನಲ್ಲಿ ನಮ್ಮ ಕಡೆಯವರದ್ದೇ ಮೂರು ಮನೆ, ಮನೆಗೊಂದು ಮಗು. ಮಕ್ಕಳಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ, ಊರಿಗೆ ಬಂದರೆ ಬಸ್ಸಿನ ಬೋರ್ಡನ್ನೂ ಕೇಳಿ ತಿಳಿಯಬೇಕು. ಆ ತಾಯಂದಿರು ಕಂಪ್ಯೂಟರಿನಲ್ಲಿ ಪಾಠ ಹೇಳಿಸಲು ಒಪ್ಪಿದರು. ಆದರೆ ಮೊದಲು ಭಾನುವಾರ ಹತ್ತು ಗಂಟೆಗೆ ಒಂದು ಪಾಠ ಮಾಡಿ ತೋರಿಸಬೇಕು, ಅದು ಸರಿ ಕಂಡರೆ ಮುಂದಿನ ಮಾತು. ಸೊಸೆ ಶಾಲೆಗೆ ಉಡುತ್ತಿದ್ದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಹಾಕಿ ಇಟ್ಟಳು. ಅಷ್ಟು ನೋಡಿದರೆ ನನಗೆ ಸಾಕು. ಈ ಮೂರು ಮಕ್ಕಳೂ ತಪ್ಪಿಹೋದರೆ ಅವಳು ಇನ್ನು ಟೀಚರ್ ಅಲ್ಲ.

ಬುಧವಾರ ತಮ್ಮ ಕಳಿಸಿದ ಹೊಸ ಲ್ಯಾಪ್‌ಟಾಪ್ ಬಂತು, ಜೊತೆಗೆ ತಂತಿ ಇಲ್ಲದ ಒಂದು ಮೌಸ್. ಹೆಡ್‌ಸೆಟ್ ಅವಳ ಹತ್ತಿರ ಮೊದಲೇ ಇತ್ತು, ಅದಕ್ಕೂ ತಂತಿ ಇಲ್ಲ.

ನಮ್ಮಲ್ಲಿ ಹೊಸದು ಯಾವುದೇ ಬರಲಿ, ಒಂದು ಬೊಟ್ಟು ಇಡದೆ ಕೆಲಸಕ್ಕೆ ಹಚ್ಚುವ ಕ್ರಮ ಇಲ್ಲ. ಹೊಸ ಬಲೆಗೆ, ತಕ್ಕಡಿಗೆ, ಮಗನ ಬೈಕಿಗೆ ಎಲ್ಲಕ್ಕೂ ಇಟ್ಟವಳು ನಾನೇ. ಬುಧವಾರ ಸಂಜೆ ದೀಪ ಹಚ್ಚಿದ ಮೇಲೆ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಗಂಧ ಹಚ್ಚಿ ಕುಂಕುಮ ಇಟ್ಟೆ. ಮೌಸಿಗೆ ಎಲ್ಲಿ ಇಡುವುದು ಎಂದು ತಿರುಗಿಸಿ ಮುರುಗಿಸಿ ನೋಡಿದೆ. ಒಂದು ಕಡೆಯಿಂದ ಕೆಂಪು ಬೆಳಕು ಬರುತ್ತಿತ್ತು. ಬೆಳಕು ಬರುವ ಕಡೆಯೇ ಮುಖ ಇರಬೇಕು ಎಂದು ಅಲ್ಲಿಗೇ ಸರಿಯಾಗಿ ಇಟ್ಟೆ.

ಗುರುವಾರ ಊಟ ಆದ ಮೇಲೆ ಸೊಸೆ ಅದರ ಎದುರು ಕುಳಿತಳು. ಮೌಸ್ ಎಳೆದರೆ ಪರದೆಯ ಮೇಲಿನ ಬಾಣ ಅಲ್ಲಾಡುವುದಿಲ್ಲ. ಸೆಲ್ ತೆಗೆದು ಹಾಕಿದಳು. ಲ್ಯಾಪ್‌ಟಾಪಿನ ಬದಿಗೆ ಸಿಕ್ಕಿಸುವ ಉಗುರಿನಷ್ಟು ದೊಡ್ಡ ತುಂಡನ್ನು ಈ ತೂತಿನಿಂದ ಆ ತೂತಿಗೆ ಹಾಕಿದಳು. ಒಮ್ಮೆ ಎಲ್ಲವನ್ನೂ ಬಂದ್ ಮಾಡಿ ಮತ್ತೆ ಶುರು ಮಾಡಿದಳು. ತಮ್ಮನಿಗೆ ಫೋನ್ ಮಾಡಿದಳು. ಕೊನೆಗೆ ಸಿಟ್ಟು ಬಂದು ಮೌಸನ್ನು ಮಗುಚಿ ಹಾಕಿದಳು. ಆಮೇಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಅತ್ತೆ, ಇದ್ರ್ ಹೊಟ್ಟಿಗೆ ಎಂತ ಮೆತ್ತಿದ್ರಿ?"

"ಹೊಟ್ಟಿ ಅಲ್ಲ ಅದ್, ಮುಖ. ಬೆಳ್ಕ್ ಬತ್ತಿತ್ತಲೆ."

"ಅದ್ ಕಣ್ಣ್. ನೀವ್ ಕಣ್ಣಿಗೆ ಗಂಧ ಹಾಕಿದ್ರಿ. ಅದಕ್ಕೆ ದಾರಿ ಹ್ಯಾಂಗೆ ಕಾಣ್ಕ್?"

"ಹೊಟ್ಟಿಲ್ ಕಣ್ಣ್ ಇಪ್ಪುದ್ ನಾ ಎಲ್ ಕಂಡಿದೆ?"

ಕಡ್ಡಿಗೆ ಹತ್ತಿ ಸುತ್ತಿ ಕೆದಕಿ ತೆಗೆದಳು. ಬಾಣ ಓಡಿತು. ಲ್ಯಾಪ್‌ಟಾಪಿನ ಮುಚ್ಚಳದ ಬೊಟ್ಟನ್ನು ಮಾತ್ರ ಅವಳು ಒರೆಸಲಿಲ್ಲ.

ಹೆಡ್‌ಸೆಟ್ಟಿನದು ಇಷ್ಟು ಸುಲಭಕ್ಕೆ ಮುಗಿಯಲಿಲ್ಲ. ಪರದೆಯ ಮೇಲೆ ಅದರ ಹೆಸರು ಬರುತ್ತದೆ, ಒತ್ತಿದರೆ ಒಂದು ಚಕ್ರ ತಿರುಗುತ್ತದೆ, ಆಮೇಲೆ ಆಗುವುದಿಲ್ಲ ಎಂದು ಬರೆದು ತೋರಿಸುತ್ತದೆ. ಚಾರ್ಜ್ ಮಾಡಿ ನೋಡಿದಳು. ಹೆಸರನ್ನು ಅಳಿಸಿ ಮತ್ತೆ ಹುಡುಕಿಸಿದಳು. ಅದನ್ನು ಕಿವಿಗೆ ಹಾಕುವವರೆಗೆ ಕೆಲಸ ಮುಟ್ಟಲೇ ಇಲ್ಲ, ಮೇಜಿನ ಮೇಲೆ ಇಟ್ಟುಕೊಂಡೇ ಒತ್ತುತ್ತಿದ್ದಳು.

ಹೆಡ್‌ಸೆಟ್ ಬೇಡ, ಲ್ಯಾಪ್‌ಟಾಪಿನಲ್ಲೇ ಮಾತಾಡುತ್ತೇನೆ ಎಂದು ತಮ್ಮನೊಟ್ಟಿಗೆ ಮಾತಾಡಿ ನೋಡಿದಳು. ಅವನು ಆ ಕಡೆಯಿಂದ ಕೇಳಿದ, "ಅಕ್ಕಾ, ನೀ ಎಂತ ಅಕ್ಕಿ ಮಿಲ್ಲಲ್ ಕೂಕಂಡಿದ್ಯಾ?" ಐಸ್ ಪ್ಲಾಂಟು. ಬಾಯಿಯ ಹತ್ತಿರ ಮೈಕ್ ಇರುವ ಹೆಡ್‌ಸೆಟ್ ಇಲ್ಲದಿದ್ದರೆ ಮುಂಬೈಯ ಮಕ್ಕಳಿಗೆ ಕೇಳುವುದು ಮೆಷಿನ್ನಿನ ಪಾಠವೇ. ನಾನು ಹೋಗಿ ಪ್ಲಾಂಟಿನವನನ್ನು ಕೇಳಿದೆ, ಭಾನುವಾರ ಒಂದು ಗಂಟೆ ನಿಲ್ಲಿಸಲಿಕ್ಕೆ ಆಗುತ್ತದಾ ಅಂತ.

"ನಿಲ್ಸುವ ಅಜ್ಜಿ. ಐಸ್ ಇಲ್ದಿದ್ರೆ ನಿಮ್ ಮೀನ್ ಎಂತರಲ್ ಇಡ್ತ್ರಿ ಹೇಳಿ, ಈಗ್ಲೇ ನಿಲ್ಸುವ" ಎಂದ.

ಶುಕ್ರವಾರ ಬೆಳಿಗ್ಗೆ ನಾನು ವ್ಯಾಪಾರಕ್ಕೆ ಹೋದ ಮೇಲೆ ಅವಳು ಲ್ಯಾಪ್‌ಟಾಪ್, ಹೆಡ್‌ಸೆಟ್ ಎರಡನ್ನೂ ಚೀಲಕ್ಕೆ ಹಾಕಿ ಕುಂದಾಪುರದ ಅಂಗಡಿಗೆ ಹೋದಳು. ಅಂಗಡಿಯವನು ಒಂದು ಸಲ ಒತ್ತಿದ್ದೇ ತಡ, ಸೇರಿತಂತೆ. ಹಾಡು ಹಾಕಿ ಕೇಳಿಸಿದನಂತೆ. ತಂತಿ ಇರುವುದೇ ಒಂದು ಕೊಡಿ ಎಂದರೆ, ಇದು ಗಟ್ಟಿ ಇರುವಾಗ ಇನ್ನೊಂದು ಯಾಕೆ ಎಂದು ವಾಪಸು ಕಳಿಸಿದನಂತೆ. ಮಧ್ಯಾಹ್ನ ಮನೆಗೆ ಬಂದು ಒತ್ತಿದರೆ ಮತ್ತೆ ಅದೇ ಚಕ್ರ. ಶನಿವಾರ ಮನೆಗೆಲಸ ಎಲ್ಲ ಮುಗಿಸಿ ಊಟ ಆದ ಮೇಲೆ ಕುಳಿತಾಗಲೂ ಅದೇ.

"ಮನಿಗೇ ಎಂತದೋ ಆಯ್ತ್ ಅತ್ತೆ" ಎಂದಳು.

"ಮನಿಗೆ ಎಂತ ಆಪುದ್? ನಿನ್ ಮದಿಗಿಂತ ಮೊದ್ಲಿನ್ ಮನಿ" ಎಂದೆ.

ಇನ್ನು ನನ್ನ ಸಂಗತಿ. ಅವಳು ಹೊಸ ಫೋನ್ ತೆಗೆದುಕೊಂಡಾಗ ತನ್ನ ಹಳೆಯದನ್ನು ನನಗೆ ಕೊಟ್ಟಿದ್ದಳು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ, ಆದರೆ ಓದಿ ಮುಗಿಯುವಾಗ ಬೋಟಿನ ಮೀನು ಖಾಲಿ ಆಗಿರುತ್ತದೆ. ಆದ್ದರಿಂದ ಬಂದರಿನಲ್ಲಿ ನಾವು ಹೆಂಗಸರದ್ದೆಲ್ಲ ವಾಯ್ಸ್ ಮೆಸೇಜೇ. ಯಾವ ಬೋಟು ಬಂತು, ಬಂಗುಡೆಯೋ ಸಿಗಡಿಯೋ, ಎಲ್ಲವನ್ನೂ ಬಾಯಲ್ಲೇ ಹೇಳಿ ಕಳಿಸುವುದು. ನನಗೆ ಹೆಚ್ಚು ಕಳಿಸುವವಳು ನನ್ನ ಹಳೇ ಜೊತೆಗಾರ್ತಿ. ಅವಳು ಬರೀ ಮೀನಿನ ಸುದ್ದಿಯಲ್ಲಿ ನಿಲ್ಲಿಸುವವಳಲ್ಲ, ನಾನೂ ಅಲ್ಲ.

ಆ ಗುರುವಾರದಿಂದ ಫೋನು ಮನೆಯಲ್ಲಿ ಮೂಕ ಆಯಿತು. ಬೆಳಿಗ್ಗೆ ಬಂದರಿನಲ್ಲಿ ಮಾತಾಡುತ್ತದೆ, ಬಸ್ಸಿನಲ್ಲಿ ಮಾತಾಡುತ್ತದೆ, ಮಧ್ಯಾಹ್ನ ಮನೆಗೆ ಬಂದು ಜಗಲಿಯಲ್ಲಿ ಕುಳಿತು ಒತ್ತಿದರೆ ಮೆಸೇಜು ಓಡುತ್ತದೆ, ಸ್ವರ ಇಲ್ಲ. ಕಾರಣ ನನಗೆ ಗೊತ್ತು ಎಂದುಕೊಂಡಿದ್ದೆ. ಮಂಗಳವಾರ ಅದು ಸೊಂಟದಿಂದ ಜಾರಿ ಬುಟ್ಟಿಯ ಐಸ್ ನೀರಿಗೆ ಬಿದ್ದಿತ್ತು. ಸೆರಗಿನಲ್ಲಿ ಒರೆಸಿ ಸುಮ್ಮನಾಗಿದ್ದೆ. ಕೊಡುವಾಗಲೇ ಸೊಸೆ ಮೂರು ಸಲ ಹೇಳಿದ್ದಳು, ನೀರಿಗೆ ಹಾಕಬೇಡಿ ಅಂತ. ಹಾಗಾಗಿ ನಾನು ಹೇಳಲಿಲ್ಲ. ಒಳಗೆ ಅವಳು ಅವಳದ್ದನ್ನು ಒತ್ತುತ್ತಿದ್ದಳು, ಹೊರಗೆ ನಾನು ನನ್ನದನ್ನು ಒತ್ತುತ್ತಿದ್ದೆ.

ಭಾನುವಾರ ನಮಗೆ ವಾರದಲ್ಲೇ ದೊಡ್ಡ ವ್ಯಾಪಾರ. ಆದರೂ ಆ ದಿನ ನಾನು ಹೋಗಲಿಲ್ಲ. ಬಾಗಿಲಲ್ಲಿ ಕುಳಿತು ಕೋಳಿಯನ್ನಾದರೂ ಓಡಿಸಿದರೆ ಅವಳಿಗೆ ಅಷ್ಟು ಉಪಕಾರ ಎಂದುಕೊಂಡೆ. ಒಂಬತ್ತೂವರೆಗೆ ಅವಳು ಇಸ್ತ್ರಿ ಸೀರೆ ಉಟ್ಟು, ತಲೆ ಬಾಚಿ, ಸೇರದ ಹೆಡ್‌ಸೆಟ್ಟನ್ನು ಕಿವಿಗೇ ಹಾಕಿಕೊಂಡು ಕುಳಿತಳು. ಕಿವಿಗೆ ಹಾಕಿದ ಮೇಲಾದರೂ ನಾಚಿಕೆ ಬಂದು ಸೇರಬಹುದು ಎಂದು ಇರಬೇಕು. ಒತ್ತಿದರೆ ಆಗಲೂ ಅದೇ ಚಕ್ರ. ನಾನು ನೋಡದ ಹಾಗೆ ಜಗಲಿಗೆ ಬಂದೆ.

ಅಷ್ಟರಲ್ಲಿ ಜೊತೆಗಾರ್ತಿಯ ಮೆಸೇಜು ಬಂತು. ಒತ್ತಿದೆ, ಸ್ವರ ಇಲ್ಲ. ಇನ್ನೊಮ್ಮೆ ಒತ್ತಿದೆ. ಕಿವಿಗೆ ಹಿಡಿದು ಮೂರನೇ ಸಲ ಒತ್ತಿದೆ.

ಸೊಸೆ ಬಾಗಿಲಿಗೆ ಬಂದು ನಿಂತಳು. ಹೆಡ್‌ಸೆಟ್ ಕಿವಿಯಲ್ಲೇ ಇತ್ತು.

"ಅತ್ತೆ, ಸಾರಿಗೆ ಉಪ್ಪ್ ಕಮ್ಮಿ ಆದ್ರೆ ನನ್ಹತ್ರ ಹೇಳುಕಾತಿಲ್ಯಾ? ಬಂದರಿಗೆಲ್ಲ ಎಂತಕ್ಕೆ ಹೇಳುದ್?"

ಶನಿವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಜೊತೆಗಾರ್ತಿಗೆ ಹೇಳಿ ಕಳಿಸಿದ್ದೆ: ಸೊಸೆ ಮೂರು ದಿನದಿಂದ ಪೆಟ್ಟಿಗೆಯ ಎದುರು ಕುಳಿತು ಹಲೋ ಹಲೋ ಎನ್ನುತ್ತಾಳೆ, ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಾಳೆ ಅಂತ. ಅದು ಇವಳಿಗೆ ಹೇಗೆ ಗೊತ್ತಾಯಿತು?

"ಅವ್ಳ್ ಇಲ್ಲಿಗೆ ಯಾವಾಗ ಬಂದ್ಳ್?" ಎಂದೆ.

"ಬರ್ಲಿಲ್ಲ. ನನ್ ಕಿವಿ ಒಳ್ಗೇ ಕೂಕಂಡ್ ಮೂರ್ ಸಲ ಹೇಳಿದ್ಳ್. ಹಲೋ ಹಲೋ ಅಂಬ್ರಿಗೆ ಸಾರಿನ್ ನೆಂಪ್ ಎಲ್ ಇರತ್ತ್ ಅಂಬ್ರ್. ಮತ್ತೆ ಬೋಟಿಗೆ ಅಂಜಲ್ ಮೀನ್ ಬಂದಿತ್ತಂಬ್ರ್." ಕೈ ಚಾಚಿದಳು. "ಫೋನ್ ಕೊಡಿ ಕಾಂಬ."

ಇನ್ನು ಮುಚ್ಚಿಟ್ಟು ಉಪಯೋಗ ಇಲ್ಲ. "ಅದ್ ನೀರಿಗೆ ಬಿದ್ದಿತ್ತ್. ಮಂಗ್ಳಾರ. ಅದ್ಕೇ ಅದಕ್ಕೆ ಸ್ವರ ಇಲ್ಲ" ಎಂದೆ.

"ನೀರಿಂದ ಅಲ್ಲ ಅತ್ತೆ. ಅದ್ರ್ ಸ್ವರ ಎಲ್ಲ ಇಲ್ಲಿತ್ತ್" ಎಂದು ಕಿವಿಯ ಹೆಡ್‌ಸೆಟ್ಟನ್ನು ತಟ್ಟಿದಳು. "ಇದ್ ಮೊದ್ಲ್ ಈ ಫೋನಿಗೇ ಸೇರ್ಸದ್. ನೀವ್ ಮನಿಗ್ ಬಂದದ್ದೇ ಇದ್ ಓಡಿ ನಿಮ್ ಸೊಂಟಕ್ಕೆ ಹೋಯಿ ಸೇರ್ಕಂತಿತ್ತ್. ಒಂದ್ ಕಡಿ ಸೇರ್ರೆ ಇನ್ನೊಂದ್ ಕಡಿಗೆ ಬತ್ತಿಲ್ಲ. ಕುಂದಾಪ್ರದಲ್ಲ್ ನೀವ್ ಇರ್ಲಿಲ್ಲ, ಸಮಾ ಆಯ್ತ್."

ಅಂದರೆ ನಾಲ್ಕು ದಿನ ಅವಳ ಕೆಲಸಕ್ಕೆ ಅಡ್ಡ ಬಂದದ್ದು ಐಸ್ ಪ್ಲಾಂಟೂ ಅಲ್ಲ, ಮನೆಯೂ ಅಲ್ಲ, ನಾನು. ಭಾನುವಾರದ ವ್ಯಾಪಾರ ಬಿಟ್ಟು ಉಪಕಾರಕ್ಕೆ ಎಂದು ಕುಳಿತದ್ದೂ ಅಡ್ಡವೇ.

ಅವಳು ಬೈಯಲಿಲ್ಲ. ಬೈಯಲು ಸಮಯ ಇರಲಿಲ್ಲ, ಹತ್ತಕ್ಕೆ ಹದಿನೈದು ನಿಮಿಷ. ನನ್ನ ಫೋನಿನಲ್ಲಿ ಬ್ಲೂಟೂತ್ ಎಂಬ ನೀಲಿ ಗುರುತನ್ನು ಒತ್ತಿ, ಆಫ್ ಮಾಡಿದೆ ಎಂದಳು. ಒಳಗೆ ಹೋಗಿ ಒಂದು ಸಲ ಒತ್ತಿದಳು. ಸೇರಿತು.

ನಾನು ಜಗಲಿಯಲ್ಲಿ ಕಾಲು ನೀಡಿದೆ. ಅವಳು ಕಿಟಕಿಯಿಂದ ಕರೆದಳು.

"ಅತ್ತೆ, ನೀವ್ ಫೋನ್ ತಕಂಡ್ ಬಂದರಿಗ್ ಹೋಯ್ನಿ."

"ಆಫ್ ಮಾಡ್ದೆ ಅಂದ್ಯಲೆ?"

"ಮಾಡಿದೆ. ಆದ್ರೂ ಹೋಯ್ನಿ."

ನನ್ನದೇ ಮನೆಯಿಂದ ನಾನು ಹೊರಟೆ. ಬಂದರಿನಲ್ಲಿ ಬಲೆಯ ರಾಶಿಯ ಮೇಲೆ ಕುಳಿತೆ. ಬುಟ್ಟಿ ಇಲ್ಲದೆ ಬಂದದ್ದನ್ನು ನೋಡಿ ಬಲೆ ಹೊಲಿಯುವವನೊಬ್ಬ, "ಎಂತ, ಸೊಸಿ ಮನಿಂದ ಓಡ್ಸಿಳಾ?" ಎಂದ. ಹೌದು ಎಂದೆ. ಅವನು ತಮಾಷೆ ಎಂದುಕೊಂಡ. ಆ ಒಂದು ಗಂಟೆ ನಾನು ಬೇರೆ ಏನೂ ಮಾಡಲಿಲ್ಲ. ಫೋನನ್ನು ಸೆರಗಿನಲ್ಲಿ ಎರಡು ಸುತ್ತು ಸುತ್ತಿ ಅದರ ಮೇಲೆ ಕೈ ಒತ್ತಿಕೊಂಡು ಕುಳಿತಿದ್ದೆ. ಆಫ್ ಮಾಡಿದ್ದು ಹೌದು, ಆದರೂ ನನಗೂ ಆ ಜಾತಿಯ ಸಾಮಾನಿನ ಮೇಲೆ ನಂಬಿಕೆ ಹೋಗಿತ್ತು.

ಪಾಠ ಅರ್ಧ ಗಂಟೆಯದ್ದು ಎಂದಿದ್ದಳು. ಹನ್ನೊಂದು ಕಳೆದ ಮೇಲೆ ವಾಪಸು ಬಂದರೆ ಇನ್ನೂ ಮಾತು ಕೇಳುತ್ತಿತ್ತು. ನಾನು ಒಳಗೆ ಹೋಗದೆ ಬಾವಿಕಟ್ಟೆಯ ಹತ್ತಿರ ಬಿಸಿಲಲ್ಲಿ ನಿಂತೆ. ಆ ಕಡೆಯವರು ಹೇಳುವುದು ಅವಳ ಕಿವಿಗೆ ಮಾತ್ರ, ನನಗೆ ಇವಳದ್ದಷ್ಟೇ. ಎಂತಹ ನಯ, ಎಂತಹ ಪುಸ್ತಕದ ಕನ್ನಡ. ನನ್ನ ಹತ್ತಿರ ಆ ಸ್ವರದಲ್ಲಿ ಅವಳು ಮದುವೆಯ ದಿನವೂ ಮಾತಾಡಿದವಳಲ್ಲ. "ತುಂಬಾ ಚೆನ್ನಾಗಿ ಬರೆದಿದ್ದೀಯ ಪುಟ್ಟಾ" ಎಂದಳು. ಆಮೇಲೆ ಸ್ವಲ್ಪ ತಡೆದು, "ಆಗಬಹುದು, ಬುಧವಾರದಿಂದಲೇ ಶುರು ಮಾಡೋಣ. ಮೂವರೂ ಬರಲಿ" ಎಂದಳು.

ಹೆಡ್‌ಸೆಟ್ ತೆಗೆದು ಹೊರಗೆ ಬಂದಾಗ ಕಿವಿಯ ಸುತ್ತ ಕೆಂಪಗೆ ಗುರುತು ಬಿದ್ದಿತ್ತು.

"ಬಿಸ್ಲಿಗ್ ಎಂತಕ್ಕೆ ನಿಂತ್ರಿ?" ಎಂದಳು.

"ನೀ ಓಡ್ಸಿದಕ್ಕೆ" ಎಂದೆ.

ನಕ್ಕಳು. ಆ ವರ್ಷ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಧ್ಯಾಹ್ನ ಊಟಕ್ಕೆ ಕುಳಿತರೆ ನನ್ನ ಬಟ್ಟಲಿನ ಪಕ್ಕ ಉಪ್ಪಿನ ಡಬ್ಬಿಯನ್ನೇ ತಂದಿಟ್ಟಿದ್ದಳು, ಒಳಗೆ ಚಮಚ ಸಮೇತ. ನಾನು ಅದನ್ನು ಮುಟ್ಟದೆ ಉಂಡೆ.

ಮರುದಿನ ಸೋಮವಾರ. ಅರ್ಧ ಊರು ಮೀನು ಮುಟ್ಟುವುದಿಲ್ಲ, ವ್ಯಾಪಾರಕ್ಕೆ ಅವಸರ ಇಲ್ಲ. ಬೆಳಿಗ್ಗೆ ಬಂದರಿಗೆ ಹೋಗಿ ಮೊದಲು ಜೊತೆಗಾರ್ತಿಯನ್ನು ಹುಡುಕಿದೆ. "ನಿನ್ನೆ ಎಲ್ ಹೋಯಿದ್ದೆ ಹೆಣ್ಣೇ, ಮೆಸೇಜಿಗೂ ಜವಾಬ್ ಇಲ್ಲ" ಎಂದಳು. ಇನ್ನು ಮೇಲೆ ಫೋನಿನಲ್ಲಿ ಬೋಟು ಮತ್ತು ಮೀನಿನ ಸುದ್ದಿ ಮಾತ್ರ, ಸೊಸೆಯ ಸುದ್ದಿ ಒಂದಕ್ಷರ ಬೇಡ ಎಂದು ಖಡಾಖಂಡಿತ ಹೇಳಿದೆ. ಆಮೇಲೆ ಬುಟ್ಟಿ ಮಗುಚಿ ಹಾಕಿ ಅದರ ಮೇಲೆ ಅವಳ ಪಕ್ಕದಲ್ಲೇ ಕುಳಿತು, ಹೇಳಲಿಕ್ಕೆ ಇದ್ದದ್ದನ್ನೆಲ್ಲ ಅವಳ ಕಿವಿಯಲ್ಲೇ ಹೇಳಿದೆ.