ಅಗುಳು ಎಣಿಸುವ ಮೇಷ್ಟ್ರು

ಚಂದ್ರಾ ಲೇಔಟಿನಲ್ಲಿ ಇಂಗ್ಲಿಷ್ ಟ್ಯೂಷನ್ ನಡೆಸುವ ಮುರಳೀಕೃಷ್ಣ ಮೇಷ್ಟ್ರಿಗೆ, ಎಣಿಸಲಾಗದ ಪದಾರ್ಥಕ್ಕೆ ಯಾರಾದರೂ ‘ಎ’ ಅಂಟಿಸಿದರೆ ಮೈಯೆಲ್ಲ ಉರಿಯುತ್ತದೆ. ಬೀಗರೊಬ್ಬರು ಊಟದ ಎಲೆಯ ಮುಂದೆ “ಎ ರೈಸ್ ಪ್ಲೀಸ್” ಎಂದಾಗ, “ಒಂದೇ ಅಗುಳು ಸಾಕೇನ್ರೀ?” ಎಂದು ಕೇಳಿ ಮಗಳ ಮದುವೆಯನ್ನೇ ಮುರಿಯುವುದರಲ್ಲಿದ್ದ ಮಹಾನುಭಾವರು ಅವರು. ಟ್ಯೂಷನ್ನಿನ ಮಕ್ಕಳಂತೂ ಎಲ್ಲಿ ತಪ್ಪಾದೀತೋ ಎಂದು ನೀರನ್ನೂ ಕೇಳದೆ, ಗಂಟಲು ಒಣಗಿಸಿಕೊಂಡೇ ಕೂತಿರುತ್ತಾರೆ. ಹೀಗಿರುವಾಗ, ಹತ್ತು ವರ್ಷದಿಂದ ಆ ಕೋಣೆಯ ಹೊರಗೆ ಕಸ ಗುಡಿಸುತ್ತಲೇ ಪಾಠ ಕೇಳಿಸಿಕೊಂಡಿದ್ದ ರಾಮಮ್ಮ ಮೊನ್ನೆ ಮೇಷ್ಟ್ರಿಗೆಂದು ನೀರಿನ ಲೋಟ ಹಿಡಿದು ಒಳಗೆ ಬಂದು, ನಾಚಿಕೊಂಡು, “ಸಾರ್, ಎ ವಾಟರ್” ಎಂದಳು. ಮಕ್ಕಳು ನಗು ಬಿಗಿಹಿಡಿದು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಎದ್ದು ನಿಂತು, “ಥ್ಯಾಂಕ್ಯೂ, ರಾಮಮ್ಮ” ಎಂದು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು, ಒಂದು ಹನಿಯೂ ಬಿಡದೆ ಕುಡಿದರು.