ಅಂಗಿಯಂತೆ ಮಡಚುವ ಮೇಜು

ಮೊನ್ನೆ ನನ್ನ ಮೊಮ್ಮಗಳು ತನ್ನ ಕೈಯಾರೆ ಮೊದಲ ಲಂಗದ ಬಟ್ಟೆ ಕತ್ತರಿಸಿದಳು. ಕತ್ತರಿಸಿದ್ದು ನನ್ನ ಮಡಚುವ ಮೇಜಿನ ಮೇಲೆ. ಒಂದು ಗೆರೆಯೂ ಸೊಟ್ಟಗಾಗಲಿಲ್ಲ! ಆದ ಸಂತೋಷಕ್ಕೆ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಹಾಗೆ ಕರೆದಿದ್ದೇ ತಪ್ಪಾಯಿತು. ಪಕ್ಕದ ಮನೆಯ ಯಜಮಾನರು ಲಂಗ ನೋಡಲಿಲ್ಲ, ಹುಡುಗಿಯನ್ನೂ ನೋಡಲಿಲ್ಲ. ಮೇಜಿನ ಅಡಿಗೆ ಬಗ್ಗಿ ನೋಡಿ, "ಮಡಚ್ತದಲ್ಲ ಅಜ್ಜಿ! ಭಾನುವಾರ ನಮ್ಮನೇಲಿ ಪೂಜೆ, ಕೊಡ್ತೀರಾ?" ಅಂದರು. ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷದ ಹಳೆಯ ಉರಿ ಅದು. ನಾನು ಓದಿದ್ದು ಮೂರನೇ ಕ್ಲಾಸು, ಆದರೂ ಬರೆದೇ ಬಿಡುತ್ತೇನೆ.

ಎಂಬತ್ತರ ದಶಕದ ಮೊದಲಲ್ಲಿ ನಾವು ತಾಯಲೂರಿನ ಹತ್ತಿರದ ಹಳ್ಳಿಯಲ್ಲಿದ್ದೆವು. ನಾನು ಮತ್ತು ಇನ್ನೈದು ಜನ ಹೆಂಗಸರು ಸೇರಿ ಮಹಿಳಾ ಸಮಾಜದ ಕೋಣೆಯಲ್ಲಿ ಹೊಲಿಗೆ ನಡೆಸುತ್ತಿದ್ದೆವು. ಅದೇ ಕೋಣೆಯಲ್ಲಿ ಬೆಳಿಗ್ಗೆ ಬಾಲವಾಡಿ. ಮಕ್ಕಳು ಉಪ್ಪಿಟ್ಟು ತಿಂದು ಮನೆಗೆ ಹೋದ ಮೇಲೆ ನಾವು ನೆಲ ಒರೆಸಿ, ಅದೇ ನೆಲದ ಮೇಲೆ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸಬೇಕು. ಸೊಂಟ ಬಿದ್ದುಹೋಗುತ್ತಿತ್ತು. ಮೇಜು ಬೇಕೇ ಬೇಕು, ಆದರೆ ಬೆಳಿಗ್ಗೆ ಮಕ್ಕಳಿಗೆ ಜಾಗವೂ ಬೇಕು.

ಆ ವರ್ಷ ಯುಗಾದಿಗೆ ನನ್ನ ತಮ್ಮ ಕೋಲಾರದಿಂದ ಭಾವನಿಗೆಂದು ಒಂದು ಕಂಪನಿ ಅಂಗಿ ತಂದ. ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಎದೆಯ ಮೇಲೆ ಕಂಪನಿಯ ಮುದ್ರೆ ಕಾಣುವ ಹಾಗೆ, ಅಂಥದ್ದು. ನಮ್ಮೂರಲ್ಲಿ ಅಂಥ ಅಂಗಿ ಯಾರೂ ನೋಡಿರಲಿಲ್ಲ. ನಾನು ಒಂದೊಂದೇ ಗುಂಡುಸೂಜಿ ತೆಗೆದು ಬಿಡಿಸಿದೆ. ಎರಡು ತೋಳು ಹಿಂದಕ್ಕೆ, ಆಮೇಲೆ ಕೆಳಗಿನ ಅರ್ಧ ಹಿಂದಿನಿಂದ ಮೇಲಕ್ಕೆ. ಅಷ್ಟು ದೊಡ್ಡ ಅಂಗಿ ಒಂದು ಪುಸ್ತಕದಷ್ಟಾಗಿತ್ತು! ಮತ್ತೆ ಮಡಚಿದೆ, ಮತ್ತೆ ಬಿಡಿಸಿದೆ. ನಮ್ಮವರು ಎಣ್ಣೆಸ್ನಾನ ಮುಗಿಸಿ ಬರಿಮೈಯಲ್ಲಿ ಕಾಯುತ್ತಾ ನಿಂತಿದ್ದರು.

"ಲೇ, ಅಂಗಿ ನನಗೋ ನಿನಗೋ?"

"ಸ್ವಲ್ಪ ಇರಿ, ಮೇಜು ನೋಡ್ತಾ ಇದೀನಿ" ಅಂದೆ. ಬಿಸಿಲು ತಲೆಗೇರಿದೆ ಅಂದುಕೊಂಡರು.

ಶ್ರೀನಿವಾಸಪುರದ ನನ್ನ ತವರಿನಲ್ಲಿ ಒಂದು ಮುದಿ ಮಾವಿನ ಮರ ಕಡಿದಿದ್ದರು. ಅದರ ಹಲಗೆ ನಮ್ಮಪ್ಪ ಗಾಡಿಯಲ್ಲಿ ಕಳಿಸಿದರು. ಅಂಗಿಯನ್ನೂ ಹಿಡಿದುಕೊಂಡು ಆಚಾರಿಯ ಹತ್ತಿರ ಹೋದೆ. ತೆಲುಗು ಮನೆಮಾತಿನ ಆತ ಬೀಡಿ ಕೆಳಗಿಟ್ಟು ನಕ್ಕೇ ನಕ್ಕ. "ಏಂದಮ್ಮಾ ಇದಿ! ಇವತ್ತು ಅಂಗಿ ನೋಡಿ ಮೇಜು ಮಾಡು ಅಂತೀಯ, ನಾಳೆ ಪಂಚೆ ನೋಡಿ ಮಂಚ ಮಾಡು ಅಂತೀಯ!"

"ನಗೋದು ಆಮೇಲೆ, ಮೊದಲು ಮಾಡಣ್ಣ."

ನಡುವೆ ಎರಡು ತುಂಡು ಕೀಲು ಹಾಕಿ ಜೋಡಿಸಿದ ಉದ್ದ ಹಲಗೆ, ಅಕ್ಕಪಕ್ಕ ತೋಳಿನ ಹಾಗೆ ಎರಡು ರೆಕ್ಕೆ, ಅಡಿಯಲ್ಲಿ ಕತ್ತರಿಯಂತೆ ಬಿಚ್ಚಿಕೊಳ್ಳುವ ಕಾಲು. ಮಾಡಿದ. ಆದರೆ ರೆಕ್ಕೆ ಹಿಂದಕ್ಕೆ ಮಡಚಿದ ಮೇಲೆ ನಡುವಿನ ಹಲಗೆ ಅರ್ಧಕ್ಕೆ ಮಡಚಲೇ ಇಲ್ಲ. ರೆಕ್ಕೆಯ ದಪ್ಪ ಅಡ್ಡ ಬಂತು, ಕೀಲು ಕಿತ್ತು ಕೈಗೆ ಬಂತು. "ಬಟ್ಟೆ ಬೇರೆ, ಮರ ಬೇರೆ ತಾಯಿ" ಎಂದು ಆತ ಕೈ ಕೊಡವಿದ. ನನಗೆ ಅಳು ಬಂತು. ಮನೆಗೆ ಬಂದು ಮತ್ತೆ ಅಂಗಿಯನ್ನೇ ನೋಡಿದೆ. ಕಾಲರಿನ ಒಳಗೆ ಒಂದು ರಟ್ಟಿನ ಪಟ್ಟಿ! ಕಾಲರ್ ಅಪ್ಪಚ್ಚಿಯಾಗದ ಹಾಗೆ ಅದು ಸಂದು ಕಾಯುತ್ತಿತ್ತು. ಓಡಿದೆ. "ಕೀಲು ಕೂರೋ ಕಡೆ ಎರಡೂ ಹಲಗೆ ಅಡಿಗೆ ರೆಕ್ಕೆಯಷ್ಟೇ ದಪ್ಪದ ಪಟ್ಟಿ ಹೊಡಿ, ಅದರ ಮೇಲೆ ಕೀಲು ಕೂರಿಸು." ಹೊಡೆದ. ಮಡಚಿದ. ಮಡಚಿತು! ಆಚಾರಿ ಅಂಗಿಗೆ ಕೈ ಮುಗಿದ, ನನಗಲ್ಲ.

ಬೆನ್ನು ಬಗ್ಗಿಸದೆ ಕತ್ತರಿಸಿದ ಆ ಮೊದಲ ಮಧ್ಯಾಹ್ನ ನಾವು ಆರು ಜನ ಕುಣಿಯುವುದೊಂದು ಬಾಕಿ. ಹೆಡ್‌ಮಾಸ್ತರರು ನಮ್ಮ ಕೆಲಸ ನೋಡಿ ಶಾಲೆಯ ಮಕ್ಕಳ ಯೂನಿಫಾರಂ ನಮಗೇ ಕೊಟ್ಟರು. "ಆಗಸ್ಟ್ ಹದಿನೈದಕ್ಕೆ ಮಕ್ಕಳು ಹಾಕಿಕೊಂಡು ನಿಲ್ಲಬೇಕಮ್ಮ. ಇಲ್ಲದಿದ್ರೆ ಮುಂದಿನ ಸಲ ಮುಳಬಾಗಿಲಿನ ಟೈಲರಿಗೇ ಕೊಡ್ತೀನಿ" ಎಂದರು. ಅದು ಕೈತಪ್ಪಿದರೆ ನಮ್ಮ ಹೊಲಿಗೆಯೇ ಮುಚ್ಚಿದಂತೆ.

ಈಗ ಕೇಳಿ ಅನ್ಯಾಯ. ಊರಿನಲ್ಲಿ ಎಷ್ಟೋ ಮೇಜುಗಳಿದ್ದವು. ಪಂಚಾಯ್ತಿ ಆಫೀಸಿನಲ್ಲಿ ಒಂದು ತೇಗದ್ದು, ನಾಲ್ಕು ಜನಕ್ಕೂ ಅಲುಗದಂಥದ್ದು. ಅದನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮದು ಮಡಚುತ್ತದೆ, ಹಗುರ, ಅದಕ್ಕೇ ನಮ್ಮದು ಎಲ್ಲರದೂ ಆಯಿತು! ದನಗಳಿಗೆ ಸೂಜಿ ಹಾಕುವ ದಿನ ಹೊತ್ತುಕೊಂಡು ಹೋದರು. ಮದುವೆಯಲ್ಲಿ ತಾಂಬೂಲಕ್ಕೆ ಹೊತ್ತುಕೊಂಡು ಹೋದರು. ವಾಲಿಬಾಲ್ ಆಟಕ್ಕೆ ಹೊತ್ತುಕೊಂಡು ಹೋಗಿ, ಮೇಲೆ ನಿಂತು ಸೀಟಿ ಊದಿದರು. ವಾಪಸ್ ಬಂದಾಗ ಸುಣ್ಣದ ಕಲೆ, ಔಷಧಿ ವಾಸನೆ. ಕೇಳಿದರೆ, "ಏನಕ್ಕಾ, ಮೇಜು ಸವೆದುಹೋಗ್ತದಾ?" ಹೌದು, ಸವೆಯುತ್ತದೆ! ಬಿಳಿ ಬಟ್ಟೆಗೆ ಸುಣ್ಣ ಎಲೆಯಡಿಕೆ ಹತ್ತಿದರೆ ಮಾಸ್ತರರಿಗೆ ಉತ್ತರ ಹೇಳುವವರು ಯಾರು?

ಹದಿನೈದಕ್ಕೆ ಮೂರು ದಿನವಿತ್ತು. ಅರ್ಧ ಬಟ್ಟೆ ಇನ್ನೂ ಕತ್ತರಿಸಬೇಕು. ಮಧ್ಯಾಹ್ನ ಹೋದರೆ ಬಟ್ಟೆಯನ್ನೆಲ್ಲ ಬಾಲವಾಡಿಯ ಚಾಪೆಯ ಮೇಲೆ ಸುರಿದು ಮೇಜು ಎತ್ತಿಕೊಂಡು ಹೋಗಿದ್ದರು. ಯಾರೋ ಸಾಹೇಬರು ಬಂದಿದ್ದಾರೆ, ಶಾಲೆಯ ಬಯಲಲ್ಲಿ ಸಭೆ.

ಆರೂ ಜನ ಹೋದೆವು. ಮೇಜಿನ ಮೇಲೆ ಹೂವಿನ ಹಾರ, ಸೋಡಾ ಬಾಟಲಿ, ಹಿಂದೆ ಸಾಹೇಬರು. ಪಂಚಾಯ್ತಿ ಚೇರ್ಮನ್ನರು, ನಮ್ಮವರ ಚಿಕ್ಕಪ್ಪ, ಎದ್ದು ನಿಂತು ಮಾತಾಡುತ್ತಿದ್ದರು. "ನಮ್ಮ ಪಂಚಾಯ್ತಿ ಹೆಂಗಸರಿಗೆ ಏನು ಕಮ್ಮಿ ಮಾಡಿದೆ? ನೋಡಿ ಈ ಮೇಜು, ನಮ್ಮ ಪ್ರೋತ್ಸಾಹದಿಂದಲೇ..."

ಅಷ್ಟು ಸಾಕಾಯಿತು. ಸೆರಗು ಸಿಕ್ಕಿಸಿಕೊಂಡು ಮುಂದೆ ಹೋದೆ. "ಮಾವ, ಹಾರ ತಗೊಳ್ಳಿ. ಮೇಜು ಬೇಕು."

"ಏನಮ್ಮಾ ಇದು, ದೊಡ್ಡೋರ ಮುಂದೆ! ಸಭೆ ಮುಗಿಲಿ."

"ಭಾಷಣ ನಿಂತ್ಕೊಂಡು ಮಾಡ್ತಾ ಇದೀರಲ್ಲ ಮಾವ, ನಿಮಗ್ಯಾಕೆ ಮೇಜು? ಮಕ್ಕಳ ಚಡ್ಡಿ ಗಾಳೀಲಿ ಹಿಡ್ಕೊಂಡು ಕತ್ತರಿಸಲಾ?"

ಹಿಂದೆ ಕೂತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಸಾಹೇಬರು ಮೆಲ್ಲಗೆ ತಮ್ಮ ಸೋಡಾ ಬಾಟಲಿ ಎತ್ತಿ ಕೈಯಲ್ಲಿ ಹಿಡಿದುಕೊಂಡರು. ಎಡ ರೆಕ್ಕೆ, ಬಲ ರೆಕ್ಕೆ, ನಡು. ಎಲ್ಲರ ಕಣ್ಣ ಮುಂದೆಯೇ ಮಡಚಿ, ಬಗಲಲ್ಲಿಟ್ಟುಕೊಂಡು ಹೊರಟೆ. ಚೇರ್ಮನ್ನರು ಎರಡು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ. ನಾನೂ ಹೋಗಿ ಕೇಳಲಿಲ್ಲ.

ಸಂಜೆಯೊಳಗೆ ಕತ್ತರಿಸಿ ಮುಗಿಸಿ, ಉಳಿದೆರಡು ದಿನ ರಾತ್ರಿಯೂ ಕೂತು ಹೊಲಿದೆವು. ಹದಿನೈದರ ಬೆಳಿಗ್ಗೆ ಬಾವುಟದ ಕಂಬದ ಕೆಳಗೆ ಮಕ್ಕಳು ಸಾಲಾಗಿ ನಿಂತಾಗ, ಅಯ್ಯೋ, ಆ ಚೆಂದ ನಾನು ಏನು ಹೇಳಲಿ! ಒಬ್ಬ ಹುಡುಗಿಯ ರವಿಕೆಗೆ ಮಾತ್ರ ಒಂದು ಗುಂಡಿ ಇರಲಿಲ್ಲ. ಅವಳು ದಾರಿಯಲ್ಲಿ ಆಡುತ್ತಾ ಕಿತ್ತುಕೊಂಡಿದ್ದಳು. ಹೆಡ್‌ಮಾಸ್ತರರು ಅದನ್ನೇ ನೋಡಿ, "ಒಂದು ಮರೆತಿದ್ದೀರಮ್ಮ" ಎಂದರು. ಮರೆತಿರಲಿಲ್ಲ! ಅಲ್ಲೇ ಅವಳನ್ನು ನಿಲ್ಲಿಸಿ, ಎಲ್ಲರೂ ಜನಗಣಮನ ಮುಗಿಸಿದ ಕೂಡಲೇ, ಇನ್ನೊಂದು ಗುಂಡಿ ಹಾಕಿ, ದಾರ ಹಲ್ಲಿನಲ್ಲಿ ಕಡಿದೆ. ಮುಂದಿನ ವರ್ಷದ ಬಟ್ಟೆಯೂ ನಮಗೇ ಬಂತು. ಈಗ ನೀವೇ ಹೇಳಿ, ಆ ಮೇಜನ್ನು ಭಾನುವಾರದ ಪೂಜೆಗೆ ಕೊಡಲಾ?