ಸೀಮೆಸುಣ್ಣದ ಸುತ್ತು

ಡೈರಿ ಕೊಟ್ಟಿಗೆಯಲ್ಲಿ ನನ್ನ ದೊಡ್ಡಮ್ಮನಿಗೆ ಎಲ್ಲರೂ ಸೂಜಿ ದೊಡ್ಡಮ್ಮ ಎನ್ನುತ್ತಿದ್ದರು. ನಾಲಿಗೆಯೂ ಸೂಜಿಯೇ, ಅದು ಬೇರೆ ಮಾತು. ಕರು ಹಾಕಿ ಎರಡು ತಿಂಗಳಾದರೂ ಬೆದೆಗೆ ಬಾರದ ಹಸುಗಳಿಗೆ ಡಾಕ್ಟರು ಬರೆದುಕೊಟ್ಟ ಹಾರ್ಮೋನು ಚುಚ್ಚುವುದು ಅವಳ ಕೆಲಸ. ಮೊದಲ ಸೂಜಿಯಾದರೆ ಹಸುವಿನ ಸೊಂಟದ ಮೇಲೆ ಸೀಮೆಸುಣ್ಣದ ಒಂದು ಗೆರೆ, ಏಳನೆಯ ದಿನದ ಸೂಜಿಗೆ ಎರಡನೆಯ ಗೆರೆ. ಗಬ್ಬವಾದ ಹಸುವಿಗೆ ದುಂಡಗೆ ಒಂದು ಸುತ್ತು. ಸುತ್ತು ಬರೆದಿರುವ ಹಸುವನ್ನು ಮುಟ್ಟುವ ಹಾಗಿಲ್ಲ. ಏಳನೆಯ ದಿನದ ಮದ್ದು ತಗುಲಿದರೆ ಹೊಟ್ಟೆಯಲ್ಲಿರುವುದು ಉಳಿಯುವುದಿಲ್ಲ.

ಆ ಮದ್ದು ಬಿದ್ದ ಹಸುಗಳು ಎರಡು ದಿನ ಕಳೆದು ಒಟ್ಟಿಗೇ ಕೂಗಲು ಶುರು ಮಾಡುತ್ತಿದ್ದವು. ಹನ್ನೆರಡು ಗಂಟಲು, ಒಂದೇ ಗಳಿಗೆ. ಕೇಳಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು.

ಕೈಗವಸಿಲ್ಲದೆ ದೊಡ್ಡಮ್ಮ ಆ ಮದ್ದಿನ ಸೀಸೆ ಮುಟ್ಟುತ್ತಿರಲಿಲ್ಲ. ಕಾರಣವನ್ನು ಒಂದೇ ಸಲ ಹೇಳಿದ್ದಳು: "ನಂಗಾಗ ಮೂರು ತಿಂಗಳು. ಸಿರಿಂಜು ಸೋರಿ ಅಂಗೈ ಮೇಲೆ ಬಿತ್ತು, ಸೆರಗಿಗೆ ಒರೆಸ್ಕೊಂಡೆ. ಹಸು ಯಾವ್ದು, ಹೆಂಗಸು ಯಾವ್ದು ಅಂತ ಮದ್ದಿಗೆ ಗೊತ್ತಾಗಲ್ಲ ಕಣೇ." ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಅವತ್ತು ಏಳನೆಯ ದಿನ, ಸೀಸೆ ಎತ್ತಿಕೊಡುವುದು ನನ್ನ ಕೆಲಸ. ಉಳಿದಿದ್ದುದು ಒಂದೇ ಜೊತೆ ಕೈಗವಸು. ನನಗೆ ಮುಟ್ಟಿನ ದಿನ ದಾಟಿ ಒಂಬತ್ತು ದಿನವಾಗಿತ್ತು, ಗಂಡನಿಗೂ ಹೇಳಿರಲಿಲ್ಲ. ಹಿಂದೆ ಎರಡು ಸಲ ಊರಿಗೆಲ್ಲ ಹೇಳಿ, ಎರಡು ಸಲವೂ ಕಳೆದುಕೊಂಡಿದ್ದೆ. ಈಗ ಕೈಗವಸು ಕೇಳಿದರೆ ದೊಡ್ಡಮ್ಮ ಯಾಕೆ ಎನ್ನುತ್ತಾಳೆ. ಸೀಸೆಯ ಹೊರಮೈ ಮೇಲೆ ಮದ್ದು ಯಾಕಿರುತ್ತದೆ ಎಂದುಕೊಂಡು ಅದರತ್ತ ಬರಿಗೈ ಚಾಚಿದೆ. ನನ್ನಷ್ಟು ಮೊಂಡಿ ಇನ್ನೊಬ್ಬಳಿಲ್ಲ.

ದೊಡ್ಡಮ್ಮ ಕೈಗೆ ಪಟ್ಟನೆ ಹೊಡೆದಳು. "ಮುಟ್ಬೇಡ! ಆಚೆ ಹೋಗು!"

"ಯಾಕೆ, ನಾನೇನು ಚಿಕ್ಕ ಮಗೂನಾ?"

"ಕೋಟು ಬಿಚ್ಚಿ ಬೆನ್ನು ನೋಡ್ಕೋ."

ಕೆಲಸದ ನೀಲಿ ಕೋಟು ಬಿಚ್ಚಿ ತಿರುಗಿಸಿದೆ. ಸೊಂಟದ ಹತ್ತಿರ ಸೀಮೆಸುಣ್ಣದ ಸುತ್ತು. ಎಲ್ಲೂ ಅಳಿಸಿಲ್ಲ, ದುಂಡಗಿದೆ.

"ನಿಂಗ್ಯಾರು ಹೇಳಿದ್ರು? ಯಾವಾಗ ಬರೆದೆ?"

"ನಾನು ಬರೆದಿಲ್ಲ. ಚಾಕ್‌ಪೀಸಿನ ಡಬ್ಬಿ ಇನ್ನೂ ತೆಗೆದೇ ಇಲ್ಲ. ಮೊದ್ಲು ಯಾವುದೋ ಹಸುಗೆ ಒರಗಿದ್ದೀಯ ಅಂದ್ಕೊಂಡೆ. ನೀನು ಸೀಸೆಗೆ ಕೈ ಚಾಚಿದಾಗ ಆ ಸುತ್ತು ನೋಡಿ ಹೆದ್ರಿಕೆ ಆಯ್ತು."

ಗಬ್ಬದ ಹಸುಗಳೆಲ್ಲ ಇದ್ದುದು ಆಚೆಯ ಶೆಡ್ಡಿನಲ್ಲಿ. ನಾನು ಅವತ್ತು ಅತ್ತ ಕಾಲಿಟ್ಟೇ ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಸಾಲಿನ ಹನ್ನೆರಡು ಹಸುಗಳೂ ಮೆಲುಕು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದವು.

ದೊಡ್ಡಮ್ಮ ಕೈಗವಸು ಹಾಕಿಕೊಂಡಳು. ಸೀಸೆಯನ್ನು ತನ್ನ ಕಡೆ ಎಳೆದುಕೊಂಡಳು.

"ಅವತ್ತು ನನ್ನ ಬೆನ್ನ ಮೇಲೂ ಇತ್ತೇನೋ," ಎಂದಳು. "ನೋಡಿ ಹೇಳೋರು ಯಾರೂ ಇರ್ಲಿಲ್ಲ."